ಒಂದು ಬೆರಳಿನಷ್ಟು ರೆಕ್ಕೆ

ಬೆಳಿಗ್ಗೆ ಎಂಟಕ್ಕೆ ವಿಜ್ಞಾನ ಕೋಣೆಯ ಬೀಗ ತೆಗೆದ ಕಾವಲುಗಾರ ನಿಜಾಮುದ್ದೀನ ಮೂರೇ ನಿಮಿಷದಲ್ಲಿ ಮುಖ್ಯೋಪಾಧ್ಯಾಯಿನಿ ವತ್ಸಲಾಬಾಯಿಯವರ ಬಾಗಿಲಲ್ಲಿದ್ದ. ದಂಡಿನಲ್ಲಿ ಕಲಿತಂತೆ ಇವತ್ತೂ ನೆಟ್ಟಗೆ ನಿಂತಿದ್ದ.

"ಬಾಯಾರ, ಇಮಾನದ ರೆಕ್ಕಿ ಯಾರೋ ಕೊಯ್ದಾರ್ರಿ."

ವತ್ಸಲಾಬಾಯಿ ಫೂಟುಪಟ್ಟಿ ಹಿಡಿದು ಹೊರಟರು. ಗಣಿತ ಕಲಿಸಿದವರು. ಅಳೆಯದೆ ಮರುಗುವ ಅಭ್ಯಾಸ ಅವರಿಗಿರಲಿಲ್ಲ.

ಕೋಣೆಯ ನಡುವಿನ ಮೇಜಿನ ಮೇಲೆ ಎರಡು ಮೊಳ ಅಗಲದ ಮರದ ವಿಮಾನ ಕೂತಿತ್ತು. ಮರಳಿನ ಬಣ್ಣ, ಅದರ ಮೇಲೆ ಹಸಿರು ಉಂಗುರಗಳು. ಮೇಲ್ನೋಟಕ್ಕೆ ಒಂದು ಗೀರೂ ಇಲ್ಲ. ಎಡರೆಕ್ಕೆ ಅಳೆದರು. ಬಲರೆಕ್ಕೆ ಅಳೆದರು. ಎರಡೂ ಸಮ.

ಅಪರಾಧ ಅದೇ.

* * *

ಟಿಕೋಟಾದ ನಿಜಾಮುದ್ದೀನ ೧೯೪೨ರಲ್ಲಿ ಲಿಬಿಯಾದ ಮರಳಿನಲ್ಲಿದ್ದ. ಇಟಲಿಯವರು ಬಿಟ್ಟು ಓಡಿದ ಒಂದು ಯುದ್ಧವಿಮಾನವನ್ನು ಹನ್ನೊಂದು ದಿನ ಕಾದಿದ್ದ. ಅದರ ಹೆಸರು ಮಾಕ್ಕಿ ೨೦೨. ಅದರ ಅಣ್ಣನಂಥ ಹಳೆಯ ವಿಮಾನಕ್ಕೆ ದುಂಡುಮೂತಿಯ ಎಂಜಿನ್ ಇತ್ತಂತೆ. ಓಟ ಸಾಲದೆ ಜರ್ಮನರ ಉದ್ದಮೂತಿಯ ಎಂಜಿನ್ ಕೂಡಿಸಿದರಂತೆ. ಆಮೇಲೆ ಇಂಗ್ಲಿಷರ ಹರಿಕೇನು ವಿಮಾನಗಳಿಗೆ ಅದು ಸುಲಭಕ್ಕೆ ಸಿಗಲಿಲ್ಲ. ಆದರೆ ಮೊದಮೊದಲು ಮೂತಿಯಲ್ಲಿ ಎರಡೇ ಮಷಿನ್‌ಗನ್ನು. ಓಟ ಕುದುರೆಯದು, ಹಲ್ಲು ಇಲಿಯದು ಎಂದು ಅವನು ಶಾಲೆಯ ಹುಡುಗಿಯರಿಗೆ ಹೇಳಿ ನಗಿಸುತ್ತಿದ್ದ.

ಕಾವಲಿನ ಬೇಸರಕ್ಕೆ ಅವನು ರೆಕ್ಕೆಗಳನ್ನು ಗೇಣು ಹಾಕಿ ಅಳೆದಿದ್ದ. ಎಡಕ್ಕೆ ಇಪ್ಪತ್ತನಾಲ್ಕು, ಬಲಕ್ಕೆ ಇಪ್ಪತ್ತಮೂರು. ತನ್ನ ಕೈ ಮೇಲೇ ಸಂಶಯ ಬಂದು ಮತ್ತೆ ಅಳೆದ. ಅಷ್ಟೇ ಬಂತು. ಊರಿಗೆ ಬಂದು ಇದನ್ನು ಹೇಳಿದ್ದೇ ತಪ್ಪಾಯಿತು. ಮೂವತ್ತೆರಡು ವರ್ಷದಿಂದ ಟಿಕೋಟಾದಲ್ಲಿ ಅವನ ಹೆಸರು ಕುಂಟ ಇಮಾನದ ನಿಜಾಮ. ಮಗಳ ಮದುವೆಯ ಊಟದಲ್ಲೂ ಯಾರೋ ಒಬ್ಬರು ಎಡಗೈ ಉದ್ದ ಚಾಚಿ ಹಾರಿ ತೋರಿಸಿದ್ದರು.

ಇವತ್ತು ಹನ್ನೊಂದಕ್ಕೆ ಬಿಜಾಪುರದ ಈ ಶಾಲೆಯಲ್ಲಿ ಪ್ರದರ್ಶನ. ಉದ್ಘಾಟನೆಗೆ ಬರುವವರು ನಿಡೋಣಿಯ ಸಿದ್ದರಾಯರು. ವಾಯುಪಡೆಯಲ್ಲಿ ಇಪ್ಪತ್ತೈದು ವರ್ಷ ವಿಮಾನ ಬಿಚ್ಚಿ ಕಟ್ಟಿದವರು. ಅವರು ಮಾದರಿ ನೋಡಿ ಹೌದು ಎಂದರೆ ಸಾಕು. ಅದನ್ನು ಕೇಳಲೆಂದೇ ಟಿಕೋಟಾದಿಂದ ಹದಿನೈದು ಜನ ಬಸ್ಸು ಹತ್ತಿದ್ದರು. ಈಗ ಅವರ ಕಣ್ಣಿಗೆ ಬೀಳುವುದು ಸಮರೆಕ್ಕೆಯ ವಿಮಾನ.

* * *

ಬೀಗ ಮುರಿದಿರಲಿಲ್ಲ. ನಿನ್ನೆ ಸಂಜೆ ನಿಜಾಮುದ್ದೀನ ನಮಾಜಿಗೆ ಹೋಗಿ ಬರುವ ತನಕ ಕೋಣೆ ತೆರೆದಿತ್ತು. ಬಂದಾಗ ಕರೆಂಟಿರಲಿಲ್ಲ. ಒಳಗೆ ನೋಡದೆ ಬೀಗ ಹಾಕಿದ್ದ. ಆ ಹೊತ್ತಿನಲ್ಲಿ ಕೋಣೆಗೆ ಬಂದವರು ಇಬ್ಬರೇ. ಚಹಾ ತಂದ ಜವಾನ ಪಾಂಡು, ಮತ್ತು ಫಲಕಗಳಿಗೆ ಚೌಕಟ್ಟು ಬಡಿಯುತ್ತಿದ್ದ ಬಬಲೇಶ್ವರದ ಬಡಿಗ ಗುಡುಸಾಬ. ನಿಜಾಮುದ್ದೀನ ಹೇಳಿದಂತೆ ಎಡರೆಕ್ಕೆ ಒಂದು ಬೆರಳು ಉದ್ದ ಇಟ್ಟು ವಿಮಾನ ಮಾಡಿಕೊಟ್ಟವನೂ ಅವನೇ.

ಪಾಂಡುವಿಗೆ ಕಾರಣವಿತ್ತು. ಎಡರೆಕ್ಕೆ ಉದ್ದ ಅಂತ ರುಜುವಾತಾದರೆ ಮೀಸೆ ಬೋಳಿಸುತ್ತೇನೆ ಎಂದು ಅವನು ಇಡೀ ಶಾಲೆಯ ಮುಂದೆ ಪಣ ಕಟ್ಟಿದ್ದ. ಅದು ಸಾಮಾನ್ಯ ಮೀಸೆಯಲ್ಲ, ಎರಡು ಕಡೆಯೂ ಕೆನ್ನೆಯ ತನಕ ಹರಡಿತ್ತು. ಅವನ ಚಹಾದ ಕಪಾಟು ತೆಗೆಸಿದರೆ ಒಳಗೆ ಗರಗಸದ ಬ್ಲೇಡು ಸಿಕ್ಕಿತು.

"ಬೆಲ್ಲದ ಪೆಂಟಿ ಕೊಯ್ಯಾಕ ಇಟ್ಟೇನ್ರಿ," ಎಂದ ಪಾಂಡು. "ನನ್ನ ಮೀಸಿ ಹೋಗ್ಲಿ ಬಾಯಾರ. ಚಾಚಾನ ಇಮಾನ ಮುಟ್ಟೋ ಮಂದಿ ಅಲ್ಲ ನಾ."

ಬಾಯಿ ಬ್ಲೇಡನ್ನು ಬೆಳಕಿಗೆ ಹಿಡಿದರು. ಹಲ್ಲುಗಳ ಸಂದಿಯಲ್ಲಿ ಬೆಲ್ಲ ಗಟ್ಟಿಯಾಗಿತ್ತು. ಇರುವೆಗಳು ಆಗಲೇ ಸಾಲು ಹಿಡಿದಿದ್ದವು. ಈ ಬ್ಲೇಡು ಮರ ಕಂಡು ತಿಂಗಳುಗಳೇ ಆಗಿರಬೇಕು. ಸಂಶಯ ತನ್ನ ಮೇಲಿದ್ದರೂ ಪಾಂಡು ತನ್ನ ಸ್ವಂತ ಕಪ್ಪಿನಲ್ಲಿ, ಎರಡು ಚಮಚ ಸಕ್ಕರೆ ಹೆಚ್ಚು ಹಾಕಿ, ನಿಜಾಮುದ್ದೀನನಿಗೆ ಚಹಾ ತಂದು ಮೇಜಿನ ಮೇಲಿಟ್ಟದ್ದನ್ನೂ ಅವರು ನೋಡಿದರು.

ಆಮೇಲೆ ಆ ಕಪ್ಪನ್ನೇ ನೋಡುತ್ತ ನಿಂತರು.

"ಪಾಂಡು, ನಿನ್ನೆ ಇದೇ ಮೇಜಿನ ಮ್ಯಾಲೆ ಚಹಾ ಚೆಲ್ಲಿತ್ತಲ್ಲ?"

ಯಾವತ್ತೂ ಚೆಲ್ಲುತ್ತದೆ, ಮೇಜಿನ ಒಂದು ಕಾಲು ಗಿಡ್ಡ ಎಂದ ಪಾಂಡು.

"ಇವತ್ತು ಯಾಕ ಚೆಲ್ಲಲಿಲ್ಲ?"

ಅರವತ್ತರ ಹತ್ತಿರದ ವತ್ಸಲಾಬಾಯಿ ಸೆರಗು ಸಿಕ್ಕಿಸಿಕೊಂಡು ಮೇಜಿನ ಕೆಳಗೆ ಬಗ್ಗಿದರು. ಗಿಡ್ಡ ಕಾಲಿನ ಕೆಳಗೆ ಒಂದು ಬೆರಳು ಅಗಲದ ಮರದ ಚೂರಿತ್ತು. ಮರಳಿನ ಬಣ್ಣ. ಮೇಲೆ ಅರ್ಧ ಹಸಿರು ಉಂಗುರ.

* * *

ಗುಡುಸಾಬ ಹತ್ತೂವರೆಗೆ ಬಂದ. ಹೊಸ ಅಂಗಿ, ಕಂಕುಳಲ್ಲಿ ಹತ್ಯಾರದ ಚೀಲ. ಯಾರಿಗೂ ಸಲಾಮು ಹೇಳುವ ಮೊದಲೇ ಗೋಡೆಯ ಮೇಲೆ ವಾರೆಯಾಗಿದ್ದ ಫೋಟೋವನ್ನು ಸರಿ ಮಾಡಿದ. ಅದನ್ನು ಹತ್ತು ನಿಮಿಷದ ಹಿಂದೆ ವಾರೆ ಮಾಡಿಟ್ಟವರು ವತ್ಸಲಾಬಾಯಿ.

ಅವರು ಮೆತ್ತಗೆ ಹೇಳಿದರು. ದ್ವೇಷವಿದ್ದವನು ರೆಕ್ಕೆ ಮುರಿಯುತ್ತಾನೆ. ಇದನ್ನು ಕೊಯ್ದವನು ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ, ಅಂಚು ದುಂಡು ಮಾಡಿ, ಬಣ್ಣ ಬಳಿದು, ಉಂಗುರವನ್ನೂ ಬರೆದಿದ್ದಾನೆ. ಕೊಯ್ದ ಸಾಗವಾನಿಯ ಚೂರನ್ನು ಬಿಸಾಡಲು ಅವನಿಗೆ ಮನಸ್ಸಾಗಿಲ್ಲ. ಮೇಜು ಅಲುಗುವುದನ್ನೂ ಅವನಿಂದ ಸಹಿಸಲಾಗಿಲ್ಲ.

"ಹಿಂಥಾ ಕೈ ಬಿಜಾಪುರ ಜಿಲ್ಲಾದಾಗ ಒಂದs ಅದ, ಗುಡುಸಾಬ. ಆದರ ಯಾಕ? ಹೇಳಿದ ಅಳತಿಗೇ ಮಾಡಿದ್ದಿ."

ಗುಡುಸಾಬ ವಿಮಾನದ ಮುಂದಿದ್ದ ಕಾಗದದ ಕಡೆ ಕೈ ತೋರಿಸಿದ. ನಿಜಾಮುದ್ದೀನ ತನ್ನ ಕೈಯಾರೆ ದಪ್ಪಕ್ಷರದಲ್ಲಿ ಬರೆದಿಟ್ಟದ್ದು: ಮಾಡಿದವರು, ಗುಡುಸಾಬ ಬಡಿಗೇರ, ಬಬಲೇಶ್ವರ. ತನ್ನ ಹೆಸರನ್ನು ಅವನು ಎಲ್ಲೂ ಬರೆದುಕೊಂಡಿರಲಿಲ್ಲ.

"ನಿನ್ನಿ ಸಂಜೀಕ ಅದನ್ನ ಓದಿದ್ನಿರಿ," ಎಂದ ಗುಡುಸಾಬ. "ಹೆಸರಿಲ್ಲದಿದ್ರ ಇರ್ಲಿ ಅಂತಿದ್ದೆ. ಇವತ್ತ ನನ್ನ ಬೀಗರು ಬರಾಕತ್ತಾರ. ತೊಟ್ಟಿಲಾ ಮಾಡೋ ಕೈರಿ ಇದು. ಒಂದ್ ಕಡಿ ಗಿಡ್ಡ, ಒಂದ್ ಕಡಿ ಉದ್ದ, ಕೆಳಗ ನನ್ನ ಹೆಸರು. ಹೆಂಗ ಬಿಡ್ಲಿ?"

ನಿಜಾಮುದ್ದೀನ ಮೇಜನ್ನು ಒಂದು ಕಡೆಯಿಂದ ಎತ್ತಿ ಹಿಡಿದ. ಗುಡುಸಾಬ ಚೂರನ್ನು ಎಳೆದುಕೊಂಡ.

* * *

ಅಂಟು ಒಣಗಲು ಹೊತ್ತಿರಲಿಲ್ಲ. ಗುಡುಸಾಬ ಚೂರನ್ನು ಮರದ ಮೊಳೆಯಿಂದ ಕೂಡಿಸಲು ಬೈರಿಗೆ ಹಿಡಿದು ಎಡರೆಕ್ಕೆಯ ತುದಿಗೆ ತೂತು ಕೊರೆಯುತ್ತಿದ್ದಾಗಲೇ ಸಿದ್ದರಾಯರು ಒಳಗೆ ಬಂದರು. ಹಿಂದೆ ಟಿಕೋಟಾದ ಹದಿನೈದು ಜನ. ಒಬ್ಬ ಆಗಲೇ ಎಡಗೈ ಚಾಚಿದ್ದ.

ಸಿದ್ದರಾಯರು ವಿಮಾನ ನೋಡಿದರು. ಚೂರು ನೋಡಿದರು. ಬೈರಿಗೆ ನೋಡಿದರು.

"ಬೈರಿಗಿ ಬಲಕ್ಕ ತಿರುಗಿ ಗಂಟಿನಾಗ ಸಿಕ್ಕರ, ನಿನ್ನ ಮುಂಗೈ ಯಾ ಕಡಿ ಹೊರಳತೈತಿ?" ಎಂದು ಗುಡುಸಾಬನನ್ನು ಕೇಳಿದರು.

"ಎಡಕ್ಕರಿ."

"ಮುಂದಿನ ಫಂಕಾ ಬಲಕ್ಕ ತಿರುಗಿದ್ರ ಇಮಾನಾನೂ ಎಡಕ್ಕ ಹೊರಳತೈತಿ. ಅದಕ್ಕ ಇಟಲಿಯವ್ರು ಎಡರೆಕ್ಕಿ ಒಂದು ಗೇಣು ಉದ್ದ ಮಾಡಿ ಎತ್ತಿ ಹಿಡದ್ರು. ಪುಸ್ತಕದಾಗ ಓದಿದ್ದೆ. ಗೇಣ ಹಾಕಿ ಅಳದವ್ರನ್ನ ಇವತ್ತ ನೋಡೇನಿ."

ಚಾಚಿದ್ದ ಎಡಗೈ ಮೆಲ್ಲಗೆ ಕೆಳಗಿಳಿಯಿತು, ಬಲಗೈ ಸಲಾಮಿಗೆ ಎದ್ದಿತು. ನಿಜಾಮುದ್ದೀನ ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಹಾಕಿಕೊಂಡ. ಇಷ್ಟು ವರ್ಷ ಕಾರಣ ಅವನಿಗೂ ಗೊತ್ತಿರಲಿಲ್ಲ.

ಗುಡುಸಾಬ ಕಿವಿಯ ಸಂದಿಯ ಪೆನ್ಸಿಲ್ಲು ತೆಗೆದು, ಕಾಗದದಲ್ಲಿ ತನ್ನ ಹೆಸರಿನ ಮೇಲೆ ಬರೆದ: ಅಳತೆ, ನಿಜಾಮುದ್ದೀನ, ಟಿಕೋಟಾ.

ಪಾಂಡು ತಾನಾಗಿಯೇ ಕತ್ತರಿ ತಂದು ಮುಂದೆ ನಿಂತ. ನಿಜಾಮುದ್ದೀನ ಆ ಮೀಸೆಯನ್ನು ಎರಡೂ ಕಡೆಯಿಂದ ನೋಡಿ, ಕತ್ತರಿ ತೆಗೆದುಕೊಂಡು, ಬಲಗಡೆ ಒಂದು ಬೆರಳಿನಷ್ಟು ಮಾತ್ರ ಕತ್ತರಿಸಿದ.

"ಎಡಗಡೀದು ಹಂಗ ಇರ್ಲಿ," ಎಂದ.

ಅವತ್ತು ಇಡೀ ದಿನ ಪಾಂಡು ಹಾಗೇ ಚಹಾ ಹಂಚಿದ. ಮೇಜಿನ ಮೇಲಿಟ್ಟ ಒಂದು ಕಪ್ಪೂ ಚೆಲ್ಲಲಿಲ್ಲ. ಗುಡುಸಾಬ ಬೀಗರನ್ನು ಮಾತಾಡಿಸುತ್ತಲೇ ಸಂಜೆಯ ತನಕ ಆ ಗಿಡ್ಡ ಕಾಲಿನ ಕೆಳಗೆ ತನ್ನ ಹೊಸ ಚಪ್ಪಲಿಯ ತುದಿ ಒತ್ತಿಕೊಂಡು ನಿಂತಿದ್ದ.