ಫಿಯಾಟಿನ ಎರಡನೆಯ ಕೀಲಿಕೈ

ಇಸವಿ ಎರಡು ಸಾವಿರ ಬಂದರೆ ಜಗತ್ತು ಮುಳುಗುತ್ತದೆ ಎಂದು ಯಾರೋ ಹೇಳಿದ್ದರು. ಜಗತ್ತು ಮುಳುಗಲಿಲ್ಲ, ಮುಳುಗಿದ್ದು ಶಹಾಪುರದ ಶಶಿಧರ ಸಾವಕಾರನ ಫಿಯಾಟ್ ಕಾರಿನ ಬೆಲೆ. ಹಳೆಯ ಕಾರು ಕೈ ಬದಲಿಸಿದರೆ ಇನ್ನು ಮೇಲೆ ವರ್ಷ ವರ್ಷದ ಕಂತಿಲ್ಲ, ಕೊಂಡವನು ತನ್ನ ಹೆಸರಿಗೆ ಮಾಡಿಸಿಕೊಳ್ಳುವಾಗ ಆಜೀವ ತೆರಿಗೆಯನ್ನು ಒಂದೇ ಗಂಟಾಗಿ ಕಟ್ಟಬೇಕು ಎಂಬ ಹೊಸ ನಿಯಮ ಬಂದಿತ್ತು. ಕಟ್ಟಬೇಕಾದವನು ಕೊಳ್ಳುವವನೇ. ಆದರೆ ಪಕ್ಕದ ಬಡಾವಣೆಗಳಾದ ಕ್ಯಾಂಪಿನಿಂದ, ಖಾಸಬಾಗದಿಂದ ಕಾರು ನೋಡಲು ಬಂದ ಗಿರಾಕಿಗಳೆಲ್ಲ ಆ ಗಂಟನ್ನು ಶಶಿಧರನ ಬೆಲೆಯಲ್ಲೇ ಮುರಿದುಕೊಂಡು ಮಾತಾಡುತ್ತಿದ್ದರು. ಸೀರೆ ಅಂಗಡಿಯಲ್ಲಿ ಕೂತು ಇಷ್ಟು ವರ್ಷ ಗಿರಾಕಿಗಳ ಕಿಸೆಗೆ ಕೈ ಹಾಕಿದವನಿಗೆ, ಸರಕಾರ ತನ್ನ ಕಿಸೆಗೆ ಕೈ ಹಾಕಿದ್ದು ಘೋರ ಅನ್ಯಾಯವಾಗಿ ಕಂಡಿತು.

ಶಶಿಧರನಿಗೆ ತನ್ನ ಬುದ್ಧಿಯ ಮೇಲೆ ಬಹಳ ಪ್ರೀತಿ. ಆ ಬುದ್ಧಿ ಇದುವರೆಗೆ ಅವನಿಗೆ ಲಾಭ ತಂದ ದಾಖಲೆ ಇರಲಿಲ್ಲ ಎಂಬುದನ್ನು ಅವನೇ ಒಪ್ಪುತ್ತಿದ್ದ. ಅರ್ಧ ಬೆಲೆಗೆ ತಂದ ಫ್ಯಾನು ರಿಪೇರಿಯಲ್ಲೇ ಹೊಸ ಫ್ಯಾನಿನ ಬೆಲೆ ದಾಟಿತ್ತು. ಅವನು ‘ಒಂದು ಐಡಿಯಾ ಬಂತು’ ಎಂದಾಗಲೆಲ್ಲ ಹೆಂಡತಿ ಕಾಂತಾ ತಿಜೋರಿಯ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಆದರೂ ಪೇಟೆಯಲ್ಲಿ ಅವನ ಹೆಸರಿಗೆ ಒಂದು ತೂಕವಿತ್ತು. ಬರುವ ದೀಪಾವಳಿಗೆ ಸೀರೆ ವ್ಯಾಪಾರಿಗಳ ಸಂಘಕ್ಕೆ ಅವನೇ ಅಧ್ಯಕ್ಷ ಎಂದು ಮಾತಾಗಿತ್ತು, ಕಾಂತಾ ಆ ದಿನಕ್ಕೆಂದು ಸೀರೆಯನ್ನೂ ಆರಿಸಿಟ್ಟಿದ್ದಳು. ಕಳೆದುಕೊಳ್ಳಲು ಅವನ ಬಳಿ ಇದ್ದದ್ದು ಆ ಹೆಸರೊಂದೇ.

ಈ ಸಲದ ಐಡಿಯಾ ಮಾತ್ರ ಬೇರೆ ತರಹದ್ದು. ತೆರಿಗೆಗೆ ಹೆದರಿ ಜನ ಕಾರು ಕೊಂಡರೂ ಹೆಸರು ಬದಲಿಸುತ್ತಿರಲಿಲ್ಲ. ಹಳೆಯ ಮಾಲೀಕನಿಂದ ಹೆಸರು ಬದಲಾವಣೆಯ ತಾರೀಖಿಲ್ಲದ ಅರ್ಜಿಗೆ ಸಹಿ ಹಾಕಿಸಿಕೊಂಡು, ಅವನ ಹೆಸರಿನಲ್ಲೇ ಓಡಿಸುತ್ತಿದ್ದರು. ಅಂದರೆ ಕಾರು ಒಬ್ಬನ ಅಂಗಳದಲ್ಲಿ, ಕಾನೂನು ಇನ್ನೊಬ್ಬನ ಕಡೆಗೆ. ಮಾರಿದ ಕಾರನ್ನು ಎರಡನೆಯ ಕೀಲಿಕೈಯಿಂದ ವಾಪಸು ತಂದರೆ ಅದು ಕಳ್ಳತನ ಹೇಗಾಗುತ್ತದೆ? ತನ್ನ ಹೆಸರಿನ ಕಾರನ್ನು ತಾನೇ ಕದಿಯಲು ಯಾರಿಗೆ ಸಾಧ್ಯ? ಈ ಪ್ರಶ್ನೆ ಹೊಳೆದ ದಿನ ಶಶಿಧರ ಕನ್ನಡಿಯಲ್ಲಿ ತನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿಕೊಂಡ.

ಬೇಕಾದದ್ದು ಒಬ್ಬ ಪಾಪದ ಗಿರಾಕಿ. ಅವನು ಖಾನಾಪುರದಿಂದ ತಾನಾಗಿಯೇ ಬಂದ. ಹೆಸರು ಮಾಯಪ್ಪ, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಅಪ್ಪ ಕುರಿ ಕಾಯ್ದವನು, ಮನೆತನದಲ್ಲಿ ಸಂಬಳ ಎಣಿಸಿದವನು ಇವನೇ ಮೊದಲಿಗ. ತಾಯಿ ಸತ್ಯವ್ವನಿಗೆ ಮೊಣಕಾಲು ಹಿಡಿದುಕೊಂಡಿದೆ, ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ, ಅವಳಿಗಾಗಿ ಕಾರು ಎಂದ. ಬೆಲೆಗೆ ಚೌಕಾಸಿ ಮಾಡಲಿಲ್ಲ. ಶಶಿಧರನಿಗೆ ಒಂದು ಗಳಿಗೆ ಹೊಟ್ಟೆಯೊಳಗೆ ಚುಚ್ಚಿದಂತಾಯಿತು. ಬೆಳಿಗ್ಗೆ ತಿಂದ ಮಿರ್ಚಿ ಭಜಿ ಇರಬೇಕು ಎಂದುಕೊಂಡು ನೀರು ಕುಡಿದ.

ಹೊಸ ನಿಯಮವನ್ನು ಅವನು ಮಾಸ್ತರನಿಗೆ ಬಿಡಿಸಿ ಬಿಡಿಸಿ ಹೇಳಿದ. ಈಗ ಹೆಸರು ಬದಲಿಸಿದರೆ ಕಾರಿನ ಅರ್ಧ ಬೆಲೆ ತೆರಿಗೆಗೇ ಹೋಗುತ್ತದೆ, ಒಂದೆರಡು ವರ್ಷ ತಡೆಯಿರಿ, ಸರಕಾರ ಸಡಿಲ ಮಾಡೇ ಮಾಡುತ್ತದೆ, ಅಲ್ಲಿಯವರೆಗೆ ನನ್ನ ಹೆಸರಿನಲ್ಲೇ ಓಡಲಿ ಎಂದ. ಕಾರಿನ ಆರ್‌ಟಿಒ ಪುಸ್ತಕವನ್ನೂ ಸಹಿ ಹಾಕಿದ ಅರ್ಜಿಯನ್ನೂ ಧಾರಾಳವಾಗಿ ಕೊಟ್ಟ. ದುಡ್ಡಿಗೆ ಮಾತ್ರ ರಸೀದಿ ಕೊಡಲಿಲ್ಲ, ನಮ್ಮ ನಿಮ್ಮ ನಡುವೆ ಅದೆಲ್ಲ ಯಾಕೆ ಎಂದ. ಎರಡನೆಯ ಕೀಲಿಕೈ ಎಂದೋ ಕಳೆದುಹೋಗಿದೆ ಎಂದೂ ಹೇಳಿದ. ಅದು ಆಗ ಅವನ ಅಂಗಿಯ ಕಿಸೆಯಲ್ಲೇ ಇತ್ತು.

ಕಾಂತಾ ಅರಿಶಿನ ಕುಂಕುಮದ ತಟ್ಟೆ ತಂದು, ಪೂಜೆ ಮಾಡಿಕೊಂಡೇ ಗಾಡಿ ಒಯ್ಯಿರಿ ಎಂದಳು. ಮಾಯಪ್ಪ ಕೈ ಮುಗಿದು ಹಿಂದೆ ಸರಿದ.

"ಬ್ಯಾರೇದವರ ಹೆಸರಿನ ಗಾಡಿಗೆ ನಾವು ಭಂಡಾರ ಹಚ್ಚಂಗಿಲ್ರಿ ಅಕ್ಕಾರ. ಹಚ್ಚಿದ್ರ ದೇವರ ಆಶೀರ್ವಾದ ಆ ಹೆಸರಿನವರಿಗೇ ಹೊಕ್ಕೈತಿ. ನಮ್ಮವ್ವನೂ ಹತ್ತಂಗಿಲ್ಲ ಅಂದಾಳ. ಹೆಸರು ನಂದಾದ ಮ್ಯಾಲೇ ಎಲ್ಲಾ."

ಭಂಡಾರವೆಂದರೆ ಅವರ ಮನೆದೇವರ ಅರಿಶಿನ ಪುಡಿ. ದೇವರು ಕೂಡ ಆರ್‌ಟಿಒ ಪುಸ್ತಕ ನೋಡಿಯೇ ಆಶೀರ್ವಾದ ಮಾಡುತ್ತಾನೆ ಎಂಬ ಮಾತಿಗೆ ಶಶಿಧರ ಆ ರಾತ್ರಿ ಊಟದಲ್ಲಿ ಎರಡು ಸಲ ನಕ್ಕ. ಕಾಂತಾ ನಗಲಿಲ್ಲ.

ಆಮೇಲೆ ಮಳೆಗಾಲ ಕಳೆಯುವ ತನಕ ಸುಮ್ಮನಿದ್ದ. ವಾಪಸು ತಂದ ಕಾರನ್ನು ಮತ್ತೊಮ್ಮೆ ಮಾರಲು ಮಡಗಾಂವದಲ್ಲಿ ಒಬ್ಬ ಗಿರಾಕಿಯನ್ನು ಗೊತ್ತು ಮಾಡಿಟ್ಟ. ಮಾಸ್ತರ ಹೆಸರು ಬದಲಿಸಿಬಿಟ್ಟರೆ ಎಂಬ ಸಂಶಯ ಅವನಿಗೆ ಒಮ್ಮೆಯೂ ಬರಲಿಲ್ಲ. ಯಾರೂ ಕೇಳದೆ ತಾನಾಗಿ ಹೋಗಿ ತೆರಿಗೆ ಕಟ್ಟುವ ಪ್ರಾಣಿಯನ್ನು ಅವನು ಶಹಾಪುರದಲ್ಲಿ ಇಂದಿನವರೆಗೆ ಕಂಡಿರಲಿಲ್ಲ, ಕನ್ನಡಿಯಲ್ಲಂತೂ ಕಂಡಿರಲೇ ಇಲ್ಲ.

ದಸರೆಯ ದಿನವನ್ನು ಅವನು ಲೆಕ್ಕ ಹಾಕಿಯೇ ಆರಿಸಿದ್ದ. ಸಂಜೆ ಊರಿಗೆ ಊರೇ ಬನ್ನಿ ಮುಡಿಯಲು ಹೋಗುತ್ತದೆ, ಮನೆ ಕಾಯಲು ಯಾರೂ ಇರುವುದಿಲ್ಲ. ಬಸ್ಸಿನಲ್ಲಿ ಖಾನಾಪುರಕ್ಕೆ ಬಂದಿಳಿದಾಗ ಬೀದಿಯೆಲ್ಲ ಹಿಂದಿನ ದಿನದ ಖಂಡೇನವಮಿಯ ಆಯುಧಪೂಜೆಯಲ್ಲೇ ಮುಳುಗಿತ್ತು. ಟ್ರ್ಯಾಕ್ಟರಿಗೆ ಕಬ್ಬು, ಸೈಕಲ್ಲಿಗೆ ಚೆಂಡುಹೂವು, ದರ್ಜಿಯ ಹೊಲಿಗೆ ಯಂತ್ರಕ್ಕೂ ಮಾಲೆ. ಮಾಸ್ತರನ ಮನೆಯ ಮುಂದೆ ಹುಣಸೆಮರದ ಕೆಳಗೆ ಫಿಯಾಟೂ ಮದುಮಗನಂತೆ ನಿಂತಿತ್ತು. ಬಾನೆಟ್ಟಿನಿಂದ ಸ್ಟೀರಿಂಗಿನವರೆಗೆ ಹಳದಿ ಬಳಿದಿದ್ದರು, ಹಿಂದಿನ ಸೀಟಿಗೆ ಹೊಸ ಕಂಬಳಿ ಹಾಸಿದ್ದರು. ಕಂಬಳಿಗೆ ಮಡಗಾಂವದವನಿಂದ ಬೇರೆ ದುಡ್ಡು ಕೇಳಬಹುದೇ ಎಂದು ಯೋಚಿಸುತ್ತ ಶಶಿಧರ ಮಾಲೆ ಕಿತ್ತು ಗಟಾರಕ್ಕೆ ಎಸೆದ. ಕೀಲಿಕೈ ತಿರುಗಿತು. ಒಂದೇ ಸಲಕ್ಕೆ ಚಾಲೂ ಆಯಿತು, ಅವನ ಕೈಯಲ್ಲಿದ್ದಾಗ ಎಂದೂ ಆಗಿರಲಿಲ್ಲ.

ಈಗ ಯೋಜನೆಯ ಕಿರೀಟ. ಬೇರೆ ಕಳ್ಳರು ಪೊಲೀಸರಿಂದ ದೂರ ಓಡುತ್ತಾರೆ. ಶಶಿಧರ ನೇರವಾಗಿ ಠಾಣೆಗೆ ಓಡಿಸಿದ. ಕದ್ದ ಮಾಲನ್ನು ಠಾಣೆಯ ಅಂಗಳದಲ್ಲೇ ನಿಲ್ಲಿಸಿದ ಮೊದಲ ಮನುಷ್ಯ ತಾನೇ ಇರಬೇಕು ಎಂದು ಹೆಮ್ಮೆಯಾಯಿತು. ಇದನ್ನು ಯಾರಿಗೂ ಹೇಳಿಕೊಳ್ಳುವಂತಿಲ್ಲವಲ್ಲ ಎಂದು ಸ್ವಲ್ಪ ದುಃಖವೂ ಆಯಿತು.

ಫೌಜದಾರರು ಹಬ್ಬದ ಹುರುಪಿನಲ್ಲಿದ್ದರು. ಬನ್ನಿ ಕೊಟ್ಟರು, ಕುರ್ಚಿ ತೋರಿಸಿದರು. ಮೇಜಿನ ಮೇಲಿನ ಡಬ್ಬಿ ತೆರೆದು, ಮೊದಲು ಬಾಯಿ ಸಿಹಿ ಮಾಡಿಕೊಳ್ಳಿ ಎಂದು ಕುಂದಾ ಕೊಟ್ಟರು. ಶಶಿಧರ ದೊಡ್ಡ ತುಂಡನ್ನೇ ಬಾಯಿಗೆ ಹಾಕಿಕೊಂಡು, ಚಪ್ಪರಿಸುತ್ತ ಕತೆ ಹೇಳಿದ. ಓಡಿಸಿ ನೋಡಲೆಂದು ಕಾರು ಕೊಟ್ಟಿದ್ದೆ, ವಿಶ್ವಾಸದ ಮೇಲೆ ಸಹಿಯನ್ನೂ ಮಾಡಿಕೊಟ್ಟಿದ್ದೆ, ಮಾಸ್ತರ ದುಡ್ಡೂ ಕೊಡಲಿಲ್ಲ, ಕಾರೂ ವಾಪಸು ತರಲಿಲ್ಲ, ಅದಕ್ಕೇ ನನ್ನ ಕಾರನ್ನು ನಾನೇ ಒಯ್ಯುತ್ತಿದ್ದೇನೆ, ನಾಳೆ ಅವನು ದೂರು ತಂದರೆ ತಮಗೆ ತಿಳಿದಿರಲಿ ಎಂದ. ಫೌಜದಾರರು ಕೊನೆಯವರೆಗೆ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದರು.

"ಅಂದ್ರ ಗಾಡಿ ಇವತ್ತಿಗೂ ನಿಮ್ಮ ಹೆಸರಿನಾಗ ಐತಿ?"

"ಐತ್ರಿ. ಆರ್‌ಟಿಒದಾಗ ಕೇಳ್ರಿ ಬೇಕಾದ್ರ."

"ಇವತ್ತು ಸೂಟಿ ಅಲ್ರೀ, ಯಾರನ್ನ ಕೇಳೂದು. ಇರ್ಲಿ, ನೀವು ಹೇಳಿದ್ದನ್ನ ಬರದು ಕೊಡ್ರಿ."

ಶಶಿಧರ ಇನ್ನೊಂದು ತುಂಡು ಕುಂದಾ ಬಾಯಿಗಿಟ್ಟುಕೊಂಡು ಖುಷಿಯಿಂದ ಬರೆದ. ಕಾರು ನನ್ನದು, ನನ್ನ ಹೆಸರಿನಲ್ಲೇ ಇದೆ, ಮಾಸ್ತರ ಮೋಸಗಾರ ಎಂದು ಮುದ್ದಾದ ಅಕ್ಷರದಲ್ಲಿ ಬರೆದು, ಅಧ್ಯಕ್ಷನಾದ ಮೇಲೆ ಹಾಕಬೇಕೆಂದು ರೂಢಿ ಮಾಡಿಕೊಂಡಿದ್ದ ಉದ್ದನೆಯ ಸಹಿ ಎಳೆದ.

ಫೌಜದಾರರು ಕಾಗದ ಎತ್ತಿಕೊಂಡರು. ಅಂಚಿನಲ್ಲಿ ನಾಲ್ಕು ಬೆರಳಿನ ಹಳದಿ ಗುರುತು ಬಿದ್ದಿತ್ತು. ಅವರು ಅದನ್ನು ಮೂಸಿ ನೋಡಿ, ಶಶಿಧರನ ಅಂಗೈ ನೋಡಿ, ಕಿಟಕಿಯಾಚೆ ಹಳದಿ ಬಾನೆಟ್ಟನ್ನು ನೋಡಿದರು. "ಭಂಡಾರ ಅಲ್ರೀ ಇದು, ಸಾವಕಾರ್ರ? ಹೆಸರು ತಮ್ಮದಾಗೂ ತನಕ ಹಚ್ಚಂಗಿಲ್ಲ ಅಂತ ಮಾಸ್ತರು ಊರಿಗೆಲ್ಲಾ ಹೇಳ್ಕೊಂತ ತಿರಗ್ಯಾಡಿದ್ರು. ಅವರವ್ವ ಬಂಗಾರದ ಸರ ಮಾರಿ ಟ್ಯಾಕ್ಸ್ ತುಂಬಾಕ ಕೊಟ್ಳಂತ. ಮೊನ್ನೆ ಹೆಸರಿಗೆ ಮಾಡಿಸ್ಕೊಂಡು, ಮುದುಕಿನ್ನ ಕುಂದ್ರಿಸ್ಕೊಂಡು ಇದ ಗಾಡ್ಯಾಗ ಬಂದು, ನಮಗೂ ಒಂದು ಡಬ್ಬಿ ಕುಂದಾ ಕೊಟ್ಟು ಹೋದ್ರು." ಅವರು ಡಬ್ಬಿಯ ಮುಚ್ಚಳ ಹಾಕಿದರು. ಮಾಸ್ತರನ ಕುಂದಾ ಬಾಯಿ ತುಂಬ ಇಟ್ಟುಕೊಂಡ ಶಶಿಧರನಿಗೆ ಅದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.