ನೋವು ಓದುವ ಸೂಜಿ

ಡಾ. ಫಿರ್ದೋಸ್ ಕಿತ್ತೂರ ಕೊನೆಯ ಸೂಜಿಯನ್ನು ಮಂಗಲಾಳ ಕಣಕಾಲಿನ ಒಳಬದಿಗೆ ಚುಚ್ಚಿದಾಗ ಗೋಡೆಯ ಪರದೆಯ ಮೇಲೆ ಕೆಂಪು ಗೆರೆಯೊಂದು ಗುಡ್ಡದಂತೆ ಎದ್ದಿತು. ಕೂದಲಿನಷ್ಟು ಸಪೂರವಾದ ಆ ಸೂಜಿ ನರಗಳಲ್ಲಿ ಹರಿಯುವ ನೋವಿನ ಸಂಕೇತವನ್ನು ಓದಿ, ಅದಕ್ಕೆ ತಕ್ಕಷ್ಟೇ ಸಣ್ಣ ವಿದ್ಯುತ್ ಮಿಡಿತವನ್ನು ಹಿಂದಕ್ಕೆ ಕಳಿಸುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಗುಡ್ಡ ಕರಗಿತು.

"ಉಸಿರು ಹೊಟ್ಟಿತನಕಾ ಇಳೀತು ನೋಡ್ರಿ," ಎಂದಳು ಮಂಗಲಾ.

೨೦೬೧ರ ಹುಬ್ಬಳ್ಳಿಯಲ್ಲಿ ಅವಳು ಸಿಟಿ ಬಸ್ಸಿನ ಚಾಲಕಿ. ಅವಳಿಗಿದ್ದದ್ದು ಎಂಡೊಮೆಟ್ರಿಯೋಸಿಸ್: ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆದು, ಮುಟ್ಟಿನ ದಿನಗಳಲ್ಲಿ ಕಿಬ್ಬೊಟ್ಟೆಯನ್ನು ಹಿಂಡುವ ಕಾಯಿಲೆ. ಹದಿನಾಲ್ಕನೇ ವಯಸ್ಸಿನಿಂದ ಅವಳು ಮುದುಡಿ ಮಲಗಿದಾಗಲೆಲ್ಲ ತಾಯಿ ಗಿರಿಜವ್ವ, "ಎಲ್ಲಾರಿಗೂ ಬರೂದ, ಏಳು," ಎನ್ನುತ್ತಿದ್ದಳು. ಚಿಕಿತ್ಸೆಯ ಮೊದಲ ದಿನ ಆ ಕೆಂಪು ಗುಡ್ಡ ನೋಡಿ ಅವಳೇ ಮಗಳ ಪಾದ ಹಿಡಿದುಕೊಂಡು ಅತ್ತಿದ್ದಳು.

ಕೆಲವೇ ತಿಂಗಳಲ್ಲಿ ಡಿಪೊದಲ್ಲಿ ಹೊಸ ನಿಯಮ ಬಂತು: ಮುಟ್ಟಿನ ನೋವಿಗೆ ರಜೆ ಬೇಕಾದರೆ ಸೂಜಿ ಓದಿದ ಗೆರೆಯ ಮುದ್ರಿತ ನಕ್ಷೆ ತರಬೇಕು. ಮಂಗಲಾಳಿಗೆ ರಜೆ ಸಿಕ್ಕಿತು. ಜೊತೆಯ ಚಾಲಕಿ ಸುವರ್ಣಾಳ ಗೆರೆ ಮಾತ್ರ ನೆಲಬಿಟ್ಟು ಏಳಲೇ ಇಲ್ಲ. "ನಕ್ಷೆಯೊಳಗ ಏನೂ ಇಲ್ಲಲ್ಲ," ಎಂದು ಮ್ಯಾನೇಜರು ಡ್ಯೂಟಿಗೆ ಕಳಿಸಿದರು. ಬಸ್ಸು ಹತ್ತುವ ಮೆಟ್ಟಿಲಲ್ಲೇ ಅವಳು ಎಚ್ಚರ ತಪ್ಪಿ ಬಿದ್ದಳು.

ಅವಳನ್ನು ಎತ್ತಿ ಕೂರಿಸಿದ್ದ ಮಂಗಲಾ ಸಂಜೆಯೇ ಫಿರ್ದೋಸ್ ಬಳಿ ಬಂದಳು. "ಆಕಿ ಸುಳ್ಳ ಹೇಳ್ತಾಳೇನ್ರಿ?"

"ಇಲ್ಲ. ಸೂಜಿ ಕೆಲವು ನರದ ಮಾತಷ್ಟ ಕೇಳ್ತದ. ಅದಕ್ಕ ಕೇಳದ ನೋವೂ ಇರ್ತದ."

"ಹಂಗಾರ ಪರದೆ ತಗದುಬಿಡ್ರಿ."

ಫಿರ್ದೋಸ್ ಬೆಚ್ಚಿದಳು. ಸೂಜಿ, ಪರದೆ ಎರಡನ್ನೂ ರೂಪಿಸಿದವಳು ಅವಳೇ; ಹನ್ನೆರಡು ವರ್ಷದ ದುಡಿಮೆ ಅದು. "ಅದನ್ನ ನೋಡೇ ನಿಮ್ಮವ್ವಾರು ನಂಬಿದ್ರು."

"ಹೌದ್ರಿ. ಹದಿನೆಂಟು ವರ್ಷ ನಾ ಹೇಳಿದ್ದನ್ನ ಕೇಳಿ ನಂಬಲಿಲ್ಲ, ಗೆರಿ ನೋಡಿ ನಂಬಿದ್ಲು. ಗೆರಿ ಮೂಡದಾಕಿ ಎಲ್ಲಿಗೆ ಹೋಗಬೇಕು?"

ಮುಂದಿನ ತಿಂಗಳು ಚಿಕಿತ್ಸಾ ಕೋಣೆಯ ಗೋಡೆ ಬರಿದಾಗಿತ್ತು. ಸೂಜಿ ತಾನು ಓದಿದ್ದನ್ನು ತನ್ನಲ್ಲೇ ಇಟ್ಟುಕೊಂಡು ನೋವಿಗೆ ಮಿಡಿಯುತ್ತಿತ್ತು, ನಕ್ಷೆ ಮುದ್ರಿಸುತ್ತಿರಲಿಲ್ಲ. ಡಿಪೊದಿಂದ ಸಿಟ್ಟಿನ ಪತ್ರಗಳು ಬಂದವು. ನಕ್ಷೆಯಿಲ್ಲದೆ ಮಂಗಲಾಳಿಗೂ ಆ ಸಲ ರಜೆ ಸಿಗಲಿಲ್ಲ. ಆದರೂ ತನ್ನ ಪಾಳಿ ಮುಗಿಸಿ ಸುವರ್ಣಾಳನ್ನು ಕರೆತಂದು ಪಕ್ಕದಲ್ಲೇ ಕೂತಳು.

ಫಿರ್ದೋಸ್ ಅಭ್ಯಾಸಬಲದಿಂದ ಗೋಡೆಯತ್ತ ನೋಡಿದಳು. ಆಮೇಲೆ ಸ್ಟೂಲನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡಳು.

"ಎಲ್ಲಿ ನೋಯ್ತದ, ಹೆಂಗ ನೋಯ್ತದ, ನೀವ ಹೇಳ್ರಿ."

ಸುವರ್ಣಾ ಮೊದಲು ಮಂಗಲಾಳ ಮುಖ ನೋಡಿದಳು. ನಿಧಾನವಾಗಿ, ಶಾಲೆಯ ಏಳನೇ ಇಯತ್ತೆಯ ಒಂದು ಮಧ್ಯಾಹ್ನದಿಂದ ಶುರುಮಾಡಿದಳು. ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಫಿರ್ದೋಸ್ ನಡುವೆ ಬಾಯಿ ಹಾಕಲಿಲ್ಲ.

ಈ ಒಂದು ಪ್ರಶ್ನೆ ಕೇಳಲು ಯಾರೂ ೨೦೬೧ರವರೆಗೆ ಕಾಯಬೇಕಿರಲಿಲ್ಲ ಎಂದು ಮಂಗಲಾಳಿಗೆ ಅನ್ನಿಸಿತು.