ಗೌಸ್ ಸಾಹೇಬರ ಕಿರಣ

ಮೇಜಿನ ಮೇಲೆ ಮಲಗಿದ್ದ ಸರ್ವಮಂಗಳಮ್ಮನವರ ತಲೆಯನ್ನು ಯಂತ್ರ ಅಳೆಯಿತು. ಪರದೆಯಲ್ಲಿ ಅದರ ಪ್ರತಿರೂಪ ಮೂಡಿತು. ಪ್ರೋಟಾನುಗಳ ಕಿರಣಪುಂಜ ಆ ಚಿತ್ರದೊಳಗೇ ನೀಲಿ ಗೆರೆಯಾಗಿ ಹೊರಟು, ಬಲಗಣ್ಣಿನ ಹಿಂದಿದ್ದ ಗೆಡ್ಡೆಯ ಹತ್ತಿರ ಬಂದು, ಕೂದಲೆಳೆಯಷ್ಟು ಮೇಲಕ್ಕೆ ಬಾಗಿ ದೃಷ್ಟಿನರವನ್ನು ಸವರಿತು. ಕೆಂಪು ದೀಪ ಹೊತ್ತಿಕೊಂಡಿತು.

ಮೈಸೂರಿನ ಆ ಚಿಕಿತ್ಸಾಲಯದಲ್ಲಿ ಈ ಯಂತ್ರವನ್ನು ಛಾಯಾವರ್ಧಕ ಎನ್ನುತ್ತಿದ್ದರು. ಪ್ರೋಟಾನುಗಳನ್ನು ಚಿಮ್ಮಿಸುವ ನಿಜವಾದ ವೇಗವರ್ಧಕದಿಂದ ಕಿರಣ ಬಿಡುವ ಮುಂಚೆ ಇದು ರೋಗಿಯ ಛಾಯೆಯ ಮೇಲೆ ಬಿಟ್ಟು ನೋಡುತ್ತಿತ್ತು. ವರ್ಷಗಟ್ಟಲೆ ಚಿಕಿತ್ಸೆಗಳನ್ನು ಗಮನಿಸಿ ತಾನೇ ಕಲಿತ ಯಂತ್ರ. ಇದು ಒಪ್ಪದೆ ವೇಗವರ್ಧಕ ಚಾಲೂ ಆಗುತ್ತಿರಲಿಲ್ಲ.

"ಏನಂತಮ್ಮ ನಿಮ್ಮ ಮಿಷಿನ್ನು?" ಎಂದು ಎದ್ದು ಕೂತ ಸರ್ವಮಂಗಳಮ್ಮ ಕೇಳಿದರು.

"ಕಿರಣ ಯಾಕೋ ಬಾಗ್ತಿದೆ ಅಮ್ಮ," ಎಂದಳು ಭೌತವಿಜ್ಞಾನಿ ಯಶೋಧರೆ. "ನೇರ ಆಗೋವರೆಗೆ ಕಾಯಬೇಕು." ಗೆಡ್ಡೆ ಕಾಯುವುದಿಲ್ಲ, ವಾರ ತಡವಾದರೆ ಕಣ್ಣು ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

"ಮದುವೆಗೆ ಮುಂಚಿನಿಂದ ಗಂಜೀಫಾ ಆಟದ ಎಲೆಗಳ ಮೇಲೆ ದಶಾವತಾರ ಬರೀತಿದೀನಿ. ಕಣ್ಣು ಉಳಿಸಿಕೊಡಿ, ನಿಮ್ಮ ಮಿಷಿನ್ನಿಗೂ ಗೆರೆ ಎಳೆಯೋದು ಹೇಳಿಕೊಡ್ತೀನಿ!"

ಯಶೋಧರೆ ಕಾಂತಗಳ ಬಲ ನೋಡಿದಳು, ಕಣಗಳ ವೇಗ ನೋಡಿದಳು, ಲೆಕ್ಕದ ಸೂತ್ರಗಳನ್ನು ತಿರುವಿಹಾಕಿದಳು. ಎಲ್ಲ ಸರಿ. ಪ್ಲಾಸ್ಟಿಕ್ ಬೊಂಬೆಯ ತಲೆಯಿಟ್ಟರೆ ಕಿರಣ ನೇರವಾಗಿಯೇ ಹೋಗುತ್ತಿತ್ತು. ಮನುಷ್ಯರ ತಲೆಗೆ ಮಾತ್ರ ಬಾಗುವುದೆಂದರೆ, ಮನುಷ್ಯರಿಂದಲೇ ಏನನ್ನೋ ಕಲಿತಿರಬೇಕು. ಅವಳು ಹಳೆಯ ಚಿಕಿತ್ಸೆಗಳ ವಿಡಿಯೋ ಹಾಕಿದಳು.

ಅಲ್ಲಿ ಗೌಸ್ ಸಾಹೇಬರಿದ್ದರು. ವೇಗವರ್ಧಕ ನಡೆಸುತ್ತಿದ್ದ ಅವರು ಹೋದ ತಿಂಗಳಷ್ಟೇ ತೀರಿಕೊಂಡಿದ್ದರು. ಅವರ ಜಾಗಕ್ಕೆ ಸ್ವಯಂಚಾಲಿತ ವ್ಯವಸ್ಥೆ ಬಂದಿತ್ತು. ಸರ್ವಮಂಗಳಮ್ಮನವರೇ ಅದರ ಮೊದಲ ರೋಗಿ. ವಿಡಿಯೋದಲ್ಲಿ ಸಾಹೇಬರು ರೋಗಿಯ ಪಾದಕ್ಕೆ ಶಾಲು ಹೊದಿಸಿ, ಗುಂಡಿ ಒತ್ತುವ ಮುಂಚೆ ಕೇಳುತ್ತಿದ್ದರು: "ತಿಂಡಿ ಆಯ್ತಾ ತಾಯಿ?"

ಪ್ರತಿಯೊಬ್ಬರನ್ನೂ. ಉತ್ತರಿಸುವಾಗ ದವಡೆ ಆಡಿ, ಅಲುಗದಿರಲೆಂದು ಬಿಗಿದ ಮುಖವಾಡದೊಳಗೂ ತಲೆ ತುಸು ಮೇಲೆ ಸರಿದು ಅಲ್ಲೇ ನಿಲ್ಲುತ್ತಿತ್ತು. ಛಾಯಾವರ್ಧಕ ಅದನ್ನೇ ಕಲಿತಿತ್ತು. ಈಗ ಕೇಳುವವರಿಲ್ಲ, ತಲೆ ಸರಿಯುವುದಿಲ್ಲ. ಕಿರಣ ಮಾತ್ರ ಆ ಉತ್ತರಕ್ಕಾಗಿ ಬಾಗುತ್ತಿದೆ.

ಕಾರಣ ಸಿಕ್ಕಮೇಲೂ ಯಶೋಧರೆ ವಿಡಿಯೋ ನಿಲ್ಲಿಸಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳನ್ನೂ ಹೀಗೆಯೇ ಕೇಳಿ, ಸಾಹೇಬರು ತಮ್ಮ ಡಬ್ಬಿಯ ಶ್ಯಾವಿಗೆ ಉಪ್ಪಿಟ್ಟಿನಲ್ಲಿ ಅರ್ಧ ಕೊಟ್ಟಿದ್ದರು.

ಯಂತ್ರಕ್ಕೆ ಹೊಸದಾಗಿ ಕಲಿಸಲು ತಿಂಗಳುಗಳೇ ಬೇಕು. ಮರುದಿನ ಅವಳು ಮೇಜಿನ ಮೇಲೆ ಮಲಗಿದ್ದ ಸರ್ವಮಂಗಳಮ್ಮನವರಿಗೆ ಸಾಹೇಬರ ದನಿಯನ್ನೇ ಸ್ಪೀಕರಿನಲ್ಲಿ ಕೇಳಿಸಿದಳು. ಕೆಂಪು ದೀಪ.

"ಯಾಕಮ್ಮ ಉತ್ತರ ಕೊಡಲಿಲ್ಲ?" ಎಂದು ಹೊರಗಿನಿಂದಲೇ ಕೇಳಿದಳು.

"ಡಬ್ಬಕ್ಕೆ ಯಾರಮ್ಮ ಉತ್ತರ ಕೊಡ್ತಾರೆ? ಇಲ್ಲ ಅಂದ್ರೆ ಅದೇನು ಕಾಫಿ ತಂದುಕೊಡುತ್ತಾ?"

ಯಶೋಧರೆ ಒಳಗೆ ಹೋದಳು. ಅವರ ಪಾದಕ್ಕೆ ಶಾಲು ಹೊದಿಸಿ, ಸಂಕೋಚದಿಂದಲೇ ಕೇಳಿದಳು: "ತಿಂಡಿ ಆಯ್ತಾ ಅಮ್ಮ?"

"ಎಲ್ಲಿ ಆಯ್ತು! ಖಾಲಿ ಹೊಟ್ಟೇಲಿ ಬನ್ನಿ ಅಂದೋರು ನೀವೇ ಅಲ್ವಾ?"

ಮಾತಿನೊಂದಿಗೆ ತಲೆ ತುಸು ಮೇಲೆ ಸರಿಯಿತು. ನೀಲಿ ಗೆರೆ ನೆಟ್ಟಗೆ ಗೆಡ್ಡೆಗೆ ಹೋಗಿ ನಿಂತಿತು. ಹಸಿರು ದೀಪ.

ಸರ್ವಮಂಗಳಮ್ಮನವರ ಕಣ್ಣು ಉಳಿಯಿತು. ಜನರೇ ಬೇಡವೆಂದು ತಂದ ವ್ಯವಸ್ಥೆಗೆ, ಕೇಳುವುದಕ್ಕೆಂದೇ ಒಬ್ಬರನ್ನು ನೇಮಿಸಬೇಕಾಗಿ ಬಂತು. ಅಲ್ಲಿಯವರೆಗೆ ರೋಗಿಗಳನ್ನು ಹೆಚ್ಚಾಗಿ ಪರದೆಯಲ್ಲೇ ನೋಡಿದ್ದ ಯಶೋಧರೆ, "ಬೇಡ, ನಾನೇ ಕೇಳ್ತೀನಿ" ಎಂದಳು. ಆದರೆ "ಇನ್ನೂ ಇಲ್ಲಮ್ಮ" ಎಂದವರನ್ನು ಚಿಕಿತ್ಸೆಯಾದ ಮೇಲೆ ಹಾಗೆಯೇ ಕಳುಹಿಸಲು ಅವಳಿಂದ ಆಗಲಿಲ್ಲ. ಚಿಕಿತ್ಸಾಲಯದ ಮೂಲೆಯಲ್ಲಿ ಈಗ ಒಂದು ಸ್ಟೌ ಇದೆ.